ಅಂಬಾಸಿಡರ್ 1489 ಸಿಸಿ: ಘಾಟಿ ಹತ್ತಿದ ಮೇಲೆ ಎಂಜಿನ್ ತಳದಿಂದ ಸದ್ದು, ಬೋರ್ ಮಾಡಿಸಲೇಬೇಕಾ?

ಹಾಸನದ_ಅಂಬಿ:
ಎಲ್ಲರಿಗೂ ನಮಸ್ಕಾರ. ಗಾಡಿ 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಅಪ್ಪ ತಗೊಂಡಿದ್ದು. ಹೋದ ವಾರ ಮಂಗಳೂರಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಎಂಜಿನ್ ಒಳಗಿಂದ ಕಟಕಟ ಸದ್ದು ಶುರುವಾಯಿತು. ಟೆಂಪರೇಚರ್ ಮುಳ್ಳು ಮಾಮೂಲಿಗಿಂತ ಸ್ವಲ್ಪ ಮೇಲಿತ್ತು, ಆದರೆ ನೀರು ಕುದಿಯಲಿಲ್ಲ. ಸಕಲೇಶಪುರದ ತನಕ ನಿಧಾನಕ್ಕೆ ತಂದು, ಅಲ್ಲಿಂದ ಎಳೆಸಿಕೊಂಡು ಬಂದೆ.

ತಣ್ಣಗಿದ್ದಾಗ ಸದ್ದು ಕಡಿಮೆ, ಬಿಸಿಯಾದರೆ ಜಾಸ್ತಿ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟು ಮಿಣಿಮಿಣಿ ಅನ್ನುತ್ತದೆ, ಸ್ವಲ್ಪ ರೇಸ್ ಕೊಟ್ಟರೆ ಆರುತ್ತದೆ. ಹೊಗೆ ಇಲ್ಲ. ಎರಡು ಮೂರು ತಿಂಗಳಿಂದ ಮೈಲೇಜ್ ಮಾತ್ರ ಬಿದ್ದಿದೆ. ಗ್ಯಾರೇಜಿನವರು ಬಾನೆಟ್ ಎತ್ತಿ ಸದ್ದು ಕೇಳಿದವರೇ "ಎಂಜಿನ್ ಬೋರಿಗೆ ಬಂದಿದೆ, ಫುಲ್ ಕೆಲಸ" ಅಂದರು, ಅಂದರೆ ಸವೆದ ಸಿಲಿಂಡರುಗಳ ಒಳಗೋಡೆ ಕೆತ್ತಿಸಬೇಕಂತೆ. ಪಿಸ್ಟನ್, ಸ್ಲೀವ್ (ಸಿಲಿಂಡರ್ ಒಳಗೆ ಕೂರಿಸುವ ಕೊಳವೆ) ಎಲ್ಲ ಸೇರಿಸಿ ಹೇಳಿದ ಲೆಕ್ಕ ಕೇಳಿ ತಲೆ ತಿರುಗಿತು. ಬಿಚ್ಚುವ ಮೊದಲು ನಾನೇ ಏನಾದರೂ ನೋಡಬಹುದಾ?

ಘಾಟಿ_ರೋಡು:
ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಲೂಸ್ ಆಗಿರಬೇಕು ಸರ್. ಈ ಎಂಜಿನ್ನಿಗೆ ಟ್ಯಾಪೆಟ್ ಸದ್ದು ಹುಟ್ಟಿದಾಗಿನಿಂದ ಇದ್ದದ್ದೇ. ಗ್ಯಾಪ್ ಸೆಟ್ ಮಾಡಿಸಿ, ಸ್ವಲ್ಪ ದಪ್ಪ ಆಯಿಲ್ ಹಾಕಿ ಓಡಿಸಿ. ಲೈಟೂ ಆರುತ್ತದೆ.

ಹಳೇಗಾಡಿ:
ದಯವಿಟ್ಟು ಓಡಿಸಬೇಡಿ. ಟ್ಯಾಪೆಟ್ ಸದ್ದಿಗೂ ಆಯಿಲ್ ಲೈಟಿಗೂ ಸಂಬಂಧ ಇಲ್ಲ. ದಪ್ಪ ಆಯಿಲ್ ಹಾಕಿದರೆ ಲೈಟು ಆರಬಹುದು, ಸವೆದ ಬೇರಿಂಗ್ ವಾಪಸ್ ಬರುವುದಿಲ್ಲ. ಬಿಸಿಯಾದಂತೆ ಸದ್ದು ಹೆಚ್ಚುತ್ತದೆ, ಜೊತೆಗೆ ಪ್ರೆಷರ್ ಬೀಳುತ್ತದೆ ಅಂದರೆ ನನ್ನ ಅನುಮಾನ ಕೆಳಗಡೆ, ಬಿಗ್ ಎಂಡ್ ಬೇರಿಂಗ್ ಮೇಲೆ, ಅಂದರೆ ಪಿಸ್ಟನ್ ರಾಡು ಕ್ರಾಂಕ್‌ಶಾಫ್ಟಿಗೆ ಸೇರುವ ಕಡೆಯ ಬೇರಿಂಗ್. ಪಿಸ್ಟನ್ ಬೋರಿನಲ್ಲಿ ಆಡುವ ಸದ್ದು ಇದಕ್ಕೆ ಉಲ್ಟಾ: ತಣ್ಣಗಿದ್ದಾಗ ಜೋರು, ಬಿಸಿಯಾದರೆ ತಗ್ಗುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಮೂರು ವಿಷಯ ಹೇಳಿ. ನಿಂತ ಗಾಡಿಯಲ್ಲಿ ರೇಸ್ ಕೊಟ್ಟರೂ ಸದ್ದು ಇದೆಯಾ? ಏರಿನಲ್ಲಿ ಮಾತ್ರ ಬರುವ ಕಿಣಿಕಿಣಿ ಆದರೆ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ನೋಡಬೇಕು, ಅದು ಬೇರೆ ಕಥೆ. ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯಾ, ಆಯಿಲ್ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಗಸಿ ಇದೆಯಾ? ಮತ್ತೆ, ಡಿಪ್‌ಸ್ಟಿಕ್ ಎಷ್ಟು ತೋರಿಸುತ್ತದೆ?

ಹಾಸನದ_ಅಂಬಿ:
ನಿಂತಿದ್ದರೂ ಸದ್ದು ಇದೆ ಸರ್. ರೇಸ್ ಕೊಟ್ಟು ಬಿಟ್ಟ ತಕ್ಷಣ ಇನ್ನೂ ಚೆನ್ನಾಗಿ ಕೇಳುತ್ತದೆ. ನೀರು ಸರಿ ಇದೆ, ಮುಚ್ಚಳ ಕ್ಲೀನ್. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳು ಮೇಲಿದೆ. ಸರ್ವಿಸ್ ಆದ ಮೇಲೆ ನಾನು ಆಯಿಲ್ ಹಾಕಿಲ್ಲ.

ಹಳೇಗಾಡಿ:
ಸಿಕ್ಕಿತು ನೋಡಿ. ಹಳೇ ಎಂಜಿನ್ ಆಯಿಲ್ ಕುಡಿಯುತ್ತದೆ, ಹೆರುವುದಿಲ್ಲ. ಹಾಕದೆ ಲೆವೆಲ್ ಏರಿದರೆ ಬೇರೆ ಏನೋ ಸೇರುತ್ತಿದೆ. ನೀರಲ್ಲ ಅಂದಮೇಲೆ ಪೆಟ್ರೋಲ್.

ಡಿಪ್‌ಸ್ಟಿಕ್ ತೆಗೆದು ಮೂಗಿನ ಹತ್ತಿರ ಹಿಡಿಯಿರಿ. ಒಂದು ತೊಟ್ಟು ಹಳೇ ಪೇಪರ್ ಮೇಲೆ ಬಿಡಿ, ಪಕ್ಕದಲ್ಲಿ ಹೊಸ ಆಯಿಲ್‌ನದೊಂದು ತೊಟ್ಟು. ಪೆಟ್ರೋಲ್ ಸೇರಿದ್ದು ಬೇಗ ಹರಡಿ, ಸುತ್ತ ತೆಳು ಬಳೆ ಕಟ್ಟುತ್ತದೆ. ಬೀಡಿ, ಲ್ಯಾಂಪು ಯಾವುದೂ ಹತ್ತಿರ ಬೇಡ. ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಳಗೆ ಪೆಟ್ರೋಲ್ ಆವಿ ತುಂಬಿರುತ್ತದೆ.

ದಾರಿ ಹೀಗೆ. ಈ ಗಾಡಿಯ ಪೆಟ್ರೋಲ್ ಪಂಪು ಬ್ಲಾಕಿಗೇ ಕೂತಿದೆ, ಕ್ಯಾಮ್‌ಶಾಫ್ಟ್ ಅದರ ಲಿವರ್ ಒತ್ತುತ್ತದೆ. ಒಳಗಿನ ಡಯಾಫ್ರಾಂ ಬಿರುಕು ಬಿಟ್ಟರೆ ಪೆಟ್ರೋಲ್ ಲಿವರ್ ಕಡೆಯಿಂದ ಸೀದಾ ಚೇಂಬರಿಗೆ. ಕಾರ್ಬುರೇಟರ್‌ಗೂ ಸಾಕಷ್ಟು ಹೋಗುತ್ತಿರುವುದರಿಂದ ಗಾಡಿ ಓಡುತ್ತಲೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೈಲೇಜ್ ಬಿದ್ದದ್ದೂ ಇದಕ್ಕೇ. ಆಯಿಲ್ ನೀರಾಗಿದೆ. ಅಂಥ ಆಯಿಲ್ ಇಟ್ಟುಕೊಂಡು ಲೋಡ್ ಮೇಲೆ ಘಾಟಿ ಹತ್ತಿದರೆ ಬೇರಿಂಗಿನ ಶೆಲ್‌ಗೂ (ಎರಡು ಅರ್ಧಬಳೆಯ ತಗಡು) ಕ್ರಾಂಕಿಗೂ ನಡುವಿನ ಆಯಿಲ್ ಪದರ ಒಡೆದು ಲೋಹಕ್ಕೆ ಲೋಹ ತಾಗುತ್ತದೆ. ಪಂಪ್ ಬಿಟ್ಟು ಬರೀ ಬೇರಿಂಗ್ ಹಾಕಿಸಿದ್ದರೆ ಹೊಸ ಬೇರಿಂಗೂ ಹಂಗೇ ಹೋಗುತ್ತಿತ್ತು.

ಲೇತ್_ಕಡೆಯವ:
ಹಳೇಗಾಡಿ ಅವರು ಹೇಳಿದ್ದು ಸರಿ. ಪಂಪು ಬಿಚ್ಚಿ, ಪೆಟ್ರೋಲ್ ಬರುವ ಬಾಯಿಗೆ ಪೈಪ್ ಸಿಕ್ಕಿಸಿ ಡಬ್ಬದಲ್ಲಿಟ್ಟು ಕೈಯಲ್ಲೇ ಲಿವರ್ ಒತ್ತಿ. ಲಿವರ್ ಕಡೆ ಒದ್ದೆಯಾದರೆ ಡಯಾಫ್ರಾಂ ಹೋಗಿದೆ.

ಆಯಿಲ್ ಇಳಿಸುವಾಗ ಅಗಲ ಬಾಣಲಿ ಇಡಿ, ಕೊನೆಯ ಲೋಟದಷ್ಟು ಬೇರೆ ಹಿಡಿಯಿರಿ. ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದು ನೋಡಿ. ಫಿಲ್ಟರ್ ಪೇಪರನ್ನು ಬ್ಲೇಡಿನಲ್ಲಿ ಕೊಯ್ದು ಮಡಿಕೆ ಬಿಡಿಸಿ. ಮಿನುಗುವ ಪುಡಿ ಸಿಕ್ಕರೆ ಮ್ಯಾಗ್ನೆಟ್ ತೋರಿಸಿ. ಹಿಡಿದರೆ ಕಬ್ಬಿಣ: ರಿಂಗು, ಕ್ಯಾಮ್, ಚೈನು. ಹಿಡಿಯದೆ ಬೂದು ಅಥವಾ ತಾಮ್ರದ ಬಣ್ಣ ಇದ್ದರೆ ಬೇರಿಂಗ್.

ಹಾಸನದ_ಅಂಬಿ:
ಡಿಪ್‌ಸ್ಟಿಕ್ ಮೂಸಿದ ಕೂಡಲೇ ಬಂಕಿನ ವಾಸನೆ! ಪೇಪರ್ ಮೇಲೆ ತೊಟ್ಟು ಎರಡು ಪಟ್ಟು ಅಗಲ ಹರಡಿತು. ಪಂಪಿನ ಲಿವರ್ ಕಡೆ ಪೂರ್ತಿ ಒದ್ದೆ. ಫಿಲ್ಟರ್ ಮಡಿಕೆಗಳಲ್ಲಿ ಸಣ್ಣ ತಾಮ್ರದ ಚೂರುಗಳು, ಉಗುರಿನಿಂದ ಕೆರೆದರೆ ಬರುವಷ್ಟು. ಮ್ಯಾಗ್ನೆಟ್ ಹಿಡಿಯಲಿಲ್ಲ.

ಹಾಗಾದರೆ ಬೋರ್ ಕೆಲಸ ಬೇಡವಾ? ಗ್ಯಾರೇಜಿನವರು "ಕೆಳಗೆ ಬಿಚ್ಚಿದ ಮೇಲೆ ಮೇಲೂ ಮಾಡಿಸಿಬಿಡಿ" ಅಂತಿದ್ದಾರೆ.

ಹಳೇಗಾಡಿ:
ಬೋರ್ ಬೇಕೋ ಬೇಡವೋ ಕಂಪ್ರೆಷನ್ ಗೇಜ್ (ಸಿಲಿಂಡರ್ ಒತ್ತಡ ಅಳೆಯುವ ಮೀಟರ್) ಹೇಳಲಿ. ನಾಲ್ಕೂ ಪ್ಲಗ್ ತೆಗೆಯಿರಿ, ಕಾಯಿಲ್ ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಮುಳ್ಳು ನಿಲ್ಲುವ ತನಕ ಸೆಲ್ಫ್ ಹೊಡೆಯಿರಿ. ಬ್ಯಾಟರಿ ಫುಲ್ ಇರಲಿ. ಆಮೇಲೆ ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ. ಆಯಿಲ್ ಬಿಟ್ಟಾಗ ಏರಿದರೆ ರಿಂಗು ಬೋರು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಎಂಜಿನ್ನಿನಲ್ಲಿ 2 ಮತ್ತು 3 ಮಾತ್ರ ಎರಡೂ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಮೊದಲು ಅನುಮಾನ ಪಡಿ.

ಯಾವ ಸಿಲಿಂಡರಿನ ಬೇರಿಂಗ್ ಅಂತಲೂ ತಿಳಿಯಬಹುದು. ಹೊಸ ಆಯಿಲ್ ಹಾಕಿ. ಪಂಪು ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಇಟ್ಟು ತಗಡು ಮುಚ್ಚಿ, ಟ್ಯಾಂಕಿನಿಂದ ಬರುವ ಪೈಪಿಗೂ ಬಿರಡೆ. ಕಾರ್ಬುರೇಟರ್ ಬೌಲಿನಲ್ಲಿರುವ ಪೆಟ್ರೋಲ್ ಅರ್ಧ ನಿಮಿಷಕ್ಕೆ ಸಾಕು, ಅದಕ್ಕಿಂತ ಜಾಸ್ತಿ ಓಡಿಸಲೂ ಬೇಡಿ. ಇನ್ಸುಲೇಶನ್ ಇರುವ ಪ್ಲೈಯರ್‌ನಿಂದ ಒಂದೊಂದೇ ಪ್ಲಗ್ ವೈರ್ ಎಳೆಯಿರಿ. ಯಾವುದನ್ನು ಎಳೆದಾಗ ಸದ್ದು ಮೆತ್ತಗಾಗುತ್ತದೋ ಆ ಪಿಸ್ಟನ್ ಕೆಳಗೆ ಹಾಳಾಗಿದೆ. ಅಲ್ಲಿ ಫೈರಿಂಗ್ ನಿಂತಾಗ ಬೇರಿಂಗಿನ ಮೇಲಿನ ಹೊಡೆತ ನಿಲ್ಲುತ್ತದೆ, ಅಷ್ಟೇ.

ಹಾಸನದ_ಅಂಬಿ:
ಕಂಪ್ರೆಷನ್ ಹೀಗಿದೆ: 1ರಲ್ಲಿ 106, 2ರಲ್ಲಿ 108, 3ರಲ್ಲಿ 103, 4ರಲ್ಲಿ 107 ಪಿಎಸ್‌ಐ. ಆಯಿಲ್ ಬಿಟ್ಟಾಗ ಎಲ್ಲವೂ ಹತ್ತು ಹನ್ನೆರಡು ಏರಿದವು. 3ನೇ ವೈರ್ ಎಳೆದಾಗ ಸದ್ದು ಮುಕ್ಕಾಲು ಪಾಲು ಹೋಯಿತು. 103 ಕಡಿಮೆ ಅಲ್ವಾ?

ಲೇತ್_ಕಡೆಯವ:
ಹಳೇ ಲೋ ಕಂಪ್ರೆಷನ್ ಎಂಜಿನ್ ಇದು, ಈಗಿನ ಕಾರಿನ ನಂಬರಿಗೆ ಹೋಲಿಸಬೇಡಿ. ಇನ್ನೊಂದು, ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇದೇ ಗಾಡಿ ಮಂಗಳೂರಿನಲ್ಲಿ ನಿಂತಿದ್ದರೆ ಹತ್ತಿರ ಹತ್ತಿರ ಶೇ. 10 ಜಾಸ್ತಿ ತೋರಿಸುತ್ತಿತ್ತು. ಗಾಳಿಯೇ ಅಲ್ಲಿ ದಪ್ಪ. ನಾಲ್ಕೂ ಸಮ ಇರುವುದು ಮುಖ್ಯ, ನಿಮ್ಮವು ಸಮ ಇವೆ. ರಿಂಗು ಸ್ವಲ್ಪ ಸವೆದಿದೆ. ಬೋರು ಕೆತ್ತಿಸುವ ಹಂತ ಅಲ್ಲ.

ಚೇಂಬರ್ ಇಳಿಸಿ 3ನೇ ಕ್ಯಾಪ್ ಬಿಚ್ಚಿ. ಕ್ಯಾಪಿಗೂ ರಾಡಿಗೂ ನಂಬರ್ ಇದೆಯಾ ಮೊದಲು ನೋಡಿ, ಇಲ್ಲದಿದ್ದರೆ ಗುರುತು ಹಾಕಿ. ಈ ಎಂಜಿನ್ನಿನ ರಾಡ್ ಓರೆಯಾಗಿ ಸೀಳಿರುತ್ತದೆ, ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ಎಂಜಿನ್ ಕಥೆ ಮುಗಿಯಿತು. ಶೆಲ್ ಫೋಟೋ ಹಾಕಿ. ಜರ್ನಲ್ (ಬೇರಿಂಗ್ ಕೂರುವ ಕ್ರಾಂಕಿನ ಗುಂಡು ಭಾಗ) ಮೇಲೆ ಉಗುರು ಅಡ್ಡ ಎಳೆದು ನೋಡಿ, ಸಿಕ್ಕಿಕೊಳ್ಳುತ್ತದಾ ಅಂತ.

ಹಾಸನದ_ಅಂಬಿ:
ಬಿಚ್ಚಿಸಿದೆ. 3ನೇ ಶೆಲ್‌ನಲ್ಲಿ ಬೂದು ಪದರವೇ ಇಲ್ಲ. ಮೇಲಿನ ಅರ್ಧ ಪೂರ್ತಿ ತಾಮ್ರ, ಅಂಚಿನಲ್ಲಿ ಸುರುಳಿ ಎದ್ದಿದೆ. 2ನೆಯದರಲ್ಲಿ ಅಲ್ಲಲ್ಲಿ ತಾಮ್ರ ಕಾಣುತ್ತದೆ. 1 ಮತ್ತು 4 ಪರವಾಗಿಲ್ಲ. 3ನೇ ಜರ್ನಲ್ ಮೇಲೆ ಉಗುರು ಎರಡು ಕಡೆ ಸಿಕ್ಕಿಕೊಂಡಿತು. ಹಳೇ ಶೆಲ್ ಹಿಂದೆ ಸೈಜ್ ಏನೂ ಇಲ್ಲ, ಸ್ಟ್ಯಾಂಡರ್ಡ್ ಅನ್ನಿಸುತ್ತದೆ, ಅಂದರೆ ಕ್ರಾಂಕ್ ಹಿಂದೆ ಗ್ರೈಂಡ್ ಆಗಿಲ್ಲ. ಗ್ಯಾರೇಜಿನವರು ಎಮರಿ ಪೇಪರ್ ಹೊಡೆದು ಹೊಸ ಶೆಲ್ ಹಾಕೋಣ ಅಂತಾರೆ.

ಹಳೇಗಾಡಿ:
ಎಮರಿ ಬೇಡವೇ ಬೇಡ. ಗೀರು ಹೋಗುವಷ್ಟು ಕೈಯಲ್ಲಿ ಉಜ್ಜಿದರೆ ಜರ್ನಲ್ ಮೊಟ್ಟೆಯಾಗುತ್ತದೆ, ಸದ್ದು ಮತ್ತೆ ಬರುತ್ತದೆ. ಎಂಜಿನ್ ಇಳಿಸಿ, ಕ್ರಾಂಕ್ ಹೊರಗೆ ತೆಗೆಸಿ. ಹೇಗೂ ಇಳಿದಿರುವಾಗ ರಿಂಗ್ ಸೆಟ್ ಹಾಕಿಸಿಕೊಳ್ಳಿ, ಅದು ದೊಡ್ಡ ಖರ್ಚಲ್ಲ. ಸ್ಲೀವ್, ಪಿಸ್ಟನ್ ಯಾಕೆ ಬೇಕು ಅಂತ ಕೇಳಿದರೆ ಬೋರ್ ಅಳತೆ ಬರೆದು ತೋರಿಸಲಿ. ಮೇಲೆ ಕೆಳಗೆ ಎರಡೂ ಕಡೆ, ಅಡ್ಡ ಉದ್ದ ಎರಡೂ ದಿಕ್ಕಿನಲ್ಲಿ.

ಲೇತ್_ಕಡೆಯವ:
ಗ್ರೈಂಡಿಂಗ್ ವಿಷಯ ನಾನು ಹೇಳುತ್ತೇನೆ. ಮೈಕ್ರೋಮೀಟರಿನಲ್ಲಿ ನಾಲ್ಕೂ ಬಿಗ್ ಎಂಡ್, ಮೂರೂ ಮೇನ್ ಜರ್ನಲ್ (ಕ್ರಾಂಕ್ ಬ್ಲಾಕಿನಲ್ಲಿ ಕೂರುವ ಕಡೆ) ಅಳೆಸಿ. ಒಂದೇ ಹೋಗಿದ್ದರೂ ಬಿಗ್ ಎಂಡ್ ನಾಲ್ಕನ್ನೂ ಒಂದೇ ಸೈಜಿಗೆ ತನ್ನಿ, ಇಲ್ಲದಿದ್ದರೆ ಮುಂದೆ ಶೆಲ್ ತಗೊಳ್ಳುವವರಿಗೆ ತಲೆನೋವು. ಸ್ಟ್ಯಾಂಡರ್ಡ್ ಕ್ರಾಂಕ್ ಆದರೆ 10 ಥೌನಲ್ಲಿ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಗೀರು ಹೋಗಬೇಕು, ಹೋಗದಿದ್ದರೆ 20. ಜರ್ನಲ್ ಮೂಲೆಯ ಗುಂಡಗಿನ ರೇಡಿಯಸ್ ಹಂಗೇ ಉಳಿಸಬೇಕು ಅಂತ ಬಾಯಿಬಿಟ್ಟು ಹೇಳಿ. ಅಲ್ಲಿ ಚೂಪು ಮೂಲೆ ಬಿಟ್ಟರೆ ಕ್ರಾಂಕ್ ಅಲ್ಲಿಂದಲೇ ಸೀಳುತ್ತದೆ.

ಗ್ರೈಂಡ್ ಆಗಿ ಬಂದ ಕ್ರಾಂಕಿನ ಆಯಿಲ್ ತೂತುಗಳಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ. ಸೀಮೆಎಣ್ಣೆ, ಉದ್ದ ಬ್ರಷ್, ಆಮೇಲೆ ಗಾಳಿ. ಪ್ರತಿ ತೂತಿಗೂ. ನಾನು ನೋಡಿದ ಮಟ್ಟಿಗೆ ಹೊಸ ಬೇರಿಂಗ್ ಬೇಗ ಹೋಗುವುದು ಜಾಸ್ತಿ ಇದರಿಂದಲೇ. ಆಯಿಲ್ ಪಂಪೂ ಬಿಚ್ಚಿಸಿ, ಆ ತಾಮ್ರದ ಚೂರುಗಳಲ್ಲಿ ಕೆಲವು ಅದರೊಳಗೂ ಹೋಗಿರುತ್ತವೆ.

ಹಾಸನದ_ಅಂಬಿ:
ಪೆಟ್ರೋಲ್ ಪಂಪ್ ಕಿಟ್ ಇಲ್ಲೇ ಸಿಕ್ಕಿತು. ನಾಳೆ ಕ್ರಾಂಕ್ ಲೇತಿಗೆ ಕೊಟ್ಟು, ಶನಿವಾರ ಬೆಂಗಳೂರಿಗೆ ಹೋಗಿ ಜೆ.ಸಿ. ರೋಡಿನಲ್ಲಿ ಶೆಲ್ ಹುಡುಕೋಣ ಅಂತಿದ್ದೇನೆ.

ಲೇತ್_ಕಡೆಯವ:
ಉಲ್ಟಾ ಮಾಡಿ. ನಾಳೆ ಕ್ರಾಂಕ್ ಅಳೆಸಿ ಮಾತ್ರ ಇಡಿ. ಹಳೇ ಗಾಡಿ ಶೆಲ್ ಎಲ್ಲ ಸೈಜೂ ಸಿಗುವ ಕಾಲ ಹೋಯಿತು. 10 ಕೇಳಿದರೆ 20 ಇರುತ್ತದೆ, ಬಿಗ್ ಎಂಡ್ ಸಿಕ್ಕರೆ ಮೇನ್ ಸಿಗುವುದಿಲ್ಲ. ಮೊದಲು ಶೆಲ್ ತನ್ನಿ, ಡಬ್ಬಿ ಮೇಲಿನದ್ದಲ್ಲ, ಶೆಲ್ ಬೆನ್ನಿನ ಮೇಲೆ ಒತ್ತಿರುವ ಸೈಜ್ ಓದಿ. ಅದನ್ನು ಲೇತಿನವರ ಕೈಗೆ ಕೊಟ್ಟು ಆ ಸೈಜಿಗೆ ಗ್ರೈಂಡ್ ಮಾಡಿಸಿ.