ಪದಚರ್ಚೆ: ಆರ್‌ಎನ್‌ಎ ಚೂರಿನ ಟೋಪಿ ಕಳಚುವ ಕಿಣ್ವಕ್ಕೆ ಏನೆನ್ನೋಣ? (ತುರ್ತು)

ಸು.:
ನಮಸ್ಕಾರ. ಪಿಯುಸಿ ಮಕ್ಕಳ ವಿಜ್ಞಾನ ಪ್ರದರ್ಶನದ ಫಲಕ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಸಿಕ್ಕಿಹಾಕಿಕೊಂಡಿರುವುದು ಡಿಸಿಪಿಎಸ್ ಹತ್ತಿರ. ಪೂರ್ತಿ ಹೆಸರು ‘ಸ್ಕ್ಯಾವೆಂಜರ್ ಡೀಕ್ಯಾಪಿಂಗ್ ಎನ್‌ಜೈಮ್’. ಪ್ರೋಟೀನ್ ಕಟ್ಟುವ ಸಂದೇಶ ಹೊತ್ತ ಎಂ-ಆರ್‌ಎನ್‌ಎಯನ್ನು ಎಕ್ಸೋಸೋಮ್ ಎಂಬ ಪ್ರೋಟೀನುಗಳ ಕೂಟ ಬಾಲದ ಕಡೆಯಿಂದ ಅರೆಯುತ್ತ ಬಂದಾಗ, ತುದಿಯಲ್ಲಿ ಮೀಥೈಲ್ ಗ್ವಾನೋಸಿನ್ ಎಂಬ ರಾಸಾಯನಿಕದ ಟೋಪಿ ಹೊತ್ತ ಮೋಟು ಚೂರೊಂದು ಉಳಿಯುತ್ತದಲ್ಲ, ಅದರ ಟೋಪಿ ಕತ್ತರಿಸುವುದು ಇದು. ‘ಜಾಡಮಾಲಿ ಟೋಪಿತೆಗೆಕ’ ಎಂದು ಬರೆದಿಟ್ಟಿದ್ದೇನೆ. ಓದಿದರೆ ನನಗೇ ನಗು. ಪಕ್ಕದ ಫಲಕದಲ್ಲಿ ಟೋಪಿ ತೊಡಿಸುವ ಕಿಣ್ವ ಬೇರೆ ಇದೆ. ‘ಟೋಪಿ ಹಾಕುವ ಕಿಣ್ವ’ ಎಂದರೆ ಮಕ್ಕಳು ಸುಮ್ಮನಿರುತ್ತಾರೆಯೇ?

ಗಟ್ಟಿಗನ್ನಡ:
ಟೋಪಿ ನಮ್ಮದಲ್ಲ. ಕಿಣ್ವ ಸಕ್ಕದ. ಅಚ್ಚಗನ್ನಡದ ‘ಕುಲಾವಿ’ ಇರುವಾಗ ಎರವಲು ಏಕೆ? ‘ಕುಲಾವಿಕಳಚುಗ’. ಮುಗಿಯಿತು.

ಮೇಷ್ಟ್ರು:
ಮುಗಿಯಲಿಲ್ಲ. ಕುಲಾವಿ ಪಾರಸಿಯ ‘ಕುಲಾಹ್’. ಮುಂದಿನ ಪತ್ರದಲ್ಲಿ ರುಮಾಲು ಎನ್ನಬೇಡಿ, ಅದೂ ಪಾರಸಿಯೇ.
ಕಿಣ್ವದ ತಂಟೆಗೆ ಹೋಗಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಉದ್ದು, ಅಕ್ಕಿ ಸೇರಿಸಿ ಮಾಡುವ ಹೆಂಡದ ಹುದುಗಿಗೆ ಕಿಣ್ವ ಎಂದಿದೆ. 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ ‘ಎನ್‌ಜೈಮ್’ ಎಂದು ಹೆಸರಿಟ್ಟಾಗ ಹಿಡಿದದ್ದು ಗ್ರೀಕಿನ ‘ಯೀಸ್ಟಿನೊಳಗೆ’ ಎಂಬ ಅರ್ಥವನ್ನೇ. ಇಷ್ಟು ಹದವಾಗಿ ಕೂತ ಪಾರಿಭಾಷಿಕ ಪದ ನಮ್ಮಲ್ಲಿ ಇನ್ನೊಂದಿಲ್ಲ.

ಗಟ್ಟಿಗನ್ನಡ:
ಹೆಂಡದ ಹುದುಗು ಹುದುಗೇ. ‘ಹುದುಗು’ ಎಂದರೆ ಯಾವ ಮಗುವಿಗೆ ತಿಳಿಯದು? ಓದುವವರಿಗೆ ಅರ‍್ತ ಆಗಬೇಕೋ, ನಿಮ್ಮ ಸಕ್ಕದದ ಬಾಶೆ ಉಳಿಯಬೇಕೋ?

ಮೇಷ್ಟ್ರು:
ಮೊದಲು ಮಹಾಪ್ರಾಣ ಹಾಕಿ ಬರೆಯಿರಿ. ಫಾಸ್ಫೇಟಿಗೆ, ಆರ್‌ಎನ್‌ಎಗೆ ಏನು ಕಟ್ಟಿದ್ದೀರಿ? ಅಲ್ಲೆಲ್ಲ ಇಂಗ್ಲಿಷು ನಡೆಯುತ್ತದೆ, ಸಂಸ್ಕೃತ ಕಂಡರೆ ಮಾತ್ರ ಮೈಯುರಿ.

ಲ್ಯಾಬಿನಿಂದ:
ಇಬ್ಬರೂ ಸ್ವಲ್ಪ ತಡೆಯಿರಿ. ಸು. ಅವರೇ, ‘ಜಾಡಮಾಲಿ’ ತೆಗೆದುಹಾಕಿ. ಒಂದು ಜಾತಿಯ ತಲೆಗೆ ಕಟ್ಟಿದ ಕೆಲಸದ ಹೆಸರು ಅದು. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನು ಬಂದಿದೆ. ಮಕ್ಕಳ ಫಲಕದಲ್ಲಿ ಅದನ್ನು ತಮಾಷೆಗೆ ಬಳಸುವುದು ಬೇಡ.
ಇನ್ನೊಂದು, ಬರೀ ‘ಟೋಪಿ ಕಳಚುವ ಕಿಣ್ವ’ ಎಂದರೆ ಡಿಸಿಪಿ2 ಎಂಬ ಇನ್ನೊಂದು ಕಿಣ್ವದ ಜೊತೆ ಕಲಸಿಹೋಗುತ್ತದೆ. ಅದು ಉದ್ದನೆಯ ಎಂ-ಆರ್‌ಎನ್‌ಎಯ ಟೋಪಿ ತೆಗೆದು, ಆ ತುದಿಯಿಂದ ಎಕ್ಸ್‌ಆರ್‌ಎನ್1 ಎಂಬ ಮತ್ತೊಂದು ಕಿಣ್ವ ತಿನ್ನಲು ದಾರಿ ಬಿಡುತ್ತದೆ. ಕತ್ತರಿಸುವ ಜಾಗವೂ ಬೇರೆ: ಡಿಸಿಪಿ2 ತೆಗೆದ ಟೋಪಿಯಲ್ಲಿ ಎರಡು ಫಾಸ್ಫೇಟ್ ಉಳಿದರೆ, ಡಿಸಿಪಿಎಸ್ ತೆಗೆದದ್ದರಲ್ಲಿ ಒಂದೇ. ಮನೆತನವೂ ಒಂದಲ್ಲ, ಅದು ನ್ಯೂಡಿಕ್ಸ್ ಎಂಬ ಕಿಣ್ವ ಕುಟುಂಬದ್ದು, ಇದು ಹಿಸ್ಟಿಡಿನ್ ಟ್ರಯಡ್ ಕುಟುಂಬದ್ದು. ಡಿಸಿಪಿಎಸ್‌ಗೆ ಬೇಕಾದದ್ದು ಎಕ್ಸೋಸೋಮ್ ತಿಂದುಳಿದ, ಹತ್ತಕ್ಕಿಂತ ಕಡಿಮೆ ನ್ಯೂಕ್ಲಿಯೊಟೈಡುಗಳ (ಆರ್‌ಎನ್‌ಎ ಸರಪಳಿಯ ಕೊಂಡಿಗಳ) ಚೂರು. ಹೆಸರಿನಲ್ಲಿ ಆ ‘ಉಳಿಕೆ’ ಬರಲೇಬೇಕು.

ಮೇಷ್ಟ್ರು:
‘ಅವಶಿಷ್ಟ ಶಿರಸ್ತ್ರಾಣ ವಿಮೋಚಕ ಕಿಣ್ವ’.

ಲ್ಯಾಬಿನಿಂದ:
ಸಾರ್, ಪಿಯುಸಿ ಮಕ್ಕಳು.

ಸು.:
‘ಉಳಿಕೆ ಚೂರಿನ ಟೋಪಿ ಕಳಚುವ ಕಿಣ್ವ – ಡಿಸಿಪಿಎಸ್’ ಎಂದು ಕಳಿಸಿಬಿಟ್ಟೆ. ಪಕ್ಕದ್ದಕ್ಕೆ ‘ಟೋಪಿ ತೊಡಿಸುವ’. ಎರಡು ಸಾಲಿಗಿಂತ ಹೆಚ್ಚು ಜಾಗವಿಲ್ಲವಂತೆ. ಎಲ್ಲರಿಗೂ ವಂದನೆ, ಫಲಕದ ಫೋಟೋ ಕಳಿಸುತ್ತೇನೆ.

ಗಟ್ಟಿಗನ್ನಡ:
ಪಲಕ ಅಲ್ಲ, ಹಲಗೆ.

ಮೇಷ್ಟ್ರು:
ಹಲಗೆ ಅದೇ ಫಲಕದ ತದ್ಭವ.