‘ಹೌಸ್ ಆಫ್ ಕಾರ್ಡ್ಸ್’ (1990): ಚೀಫ್ ವಿಪ್‌ಗೆ ಯಾಕ ಅಷ್ಟು ಹೆದರ್ತಾರ?

ಪ್ರಶ್ನೆ (ಕೊಪ್ಪಳ):
ಬಿಬಿಸಿಯ ಹಳೇ ರಾಜಕೀಯ ಧಾರಾವಾಹಿ, ನಾಕೂ ಎಪಿಸೋಡ್ ಮುಗದ್ವು. ಇಯಾನ್ ರಿಚರ್ಡ್‌ಸನ್ ಸೀದಾ ಕ್ಯಾಮೆರಾ ಕಡೆ ತಿರುಗಿ ನಮ್ಮ ಜೋಡಿನೇ ಒಳಸಂಚು ಮಾತಾಡೋದು ಭಾರಿ ಐತಿ. ಆದ್ರ ಅಂವ ಮಾಡಿದ ರಾಜಕಾರಣಿ ಅರ್ಕಾರ್ಟ್‌ಗೆ ದೊಡ್ಡ ಖಾತೆ ಸಿಗಂಗಿಲ್ಲ, ಬರೇ ಚೀಫ್ ವಿಪ್, ಅಂದ್ರ ಪಕ್ಷದ ಎಂಪಿಗಳು ಪಕ್ಷ ಹೇಳಿದಂಗ ಮತ ಹಾಕೋ ಹಂಗ ನೋಡ್ಕೊಳ್ಳಾಂವ. ಅಷ್ಟು ಪವರ್ ಎಲ್ಲಿಂದ ಬಂತು?

ಉತ್ತರ (ಬಳ್ಳಾರಿ):
ನಮ್ಮಲ್ಲಿ ವಿಪ್ (ಹಿಂಗ ಮತ ಹಾಕ್ರಿ ಅನ್ನೋ ಪಕ್ಷದ ಆದೇಶ) ಮುರಿದ್ರ 1985ರ ಪಕ್ಷಾಂತರ ನಿಷೇಧ ಕಾಯ್ದೆ ಐತಿ, ಸೀಟೇ ಹೋಗಬಹುದು. ಬ್ರಿಟನ್‌ನಾಗ ಹಂಗಿಲ್ಲ. ಪಕ್ಷದಿಂದ ಹೊರಗ ಹಾಕಿದ್ರೂ ಎಂಪಿ ಎಂಪಿನೇ. ಕಾನೂನಿನ ಕೋಲು ಇಲ್ಲ ಅಂದ್ಮ್ಯಾಲ ಉಳಿಯೋದು ಎರಡು: ಪದವಿ ಆಸೆ, ಗುಟ್ಟು. ಯಾರಿಗೆ ಸಾಲ, ಯಾರಿಗೆ ಚಟ, ಎಲ್ಲಾ ಅರ್ಕಾರ್ಟ್‌ಗೆ ಗೊತ್ತು. ‘ಥ್ರೀ ಲೈನ್ ವಿಪ್’ ಅಂದ್ರ ಬ್ಯಾರೆ ಏನಲ್ರಿ, ಪಕ್ಷ ತನ್ನ ಎಂಪಿಗಳಿಗೆ ಕಳಸೋ ವಾರದ ಚೀಟಿಯೊಳಗ ಆ ಮತದಾನದ ಕೆಳಗ ಮೂರು ಗೆರಿ ಎಳದಿರ್ತಾರ: ಬರಲೇಬೇಕು.

ಉತ್ತರ (ರಾಯಚೂರು):
ಧಾರಾವಾಹಿಯೊಳಗಿನ ಪಕ್ಷದ ನಾಯಕತ್ವದ ಚುನಾವಣೆ ಸರಿಯಾಗಿ ನೋಡ್ರಿ. ಆಗ ಆಡಳಿತದಾಗಿದ್ದ ಕನ್ಸರ್ವೇಟಿವ್ ಪಕ್ಷದ ಎಂಪಿಗಳಷ್ಟೇ ಮತ ಹಾಕ್ತಿದ್ರು. ಮೊದಲ ಸುತ್ತಿನಾಗ ಗೆಲ್ಲಾಕ ಬಹುಮತ ಸಾಲ್ತಿರಲಿಲ್ಲ, ಮತದ ಹಕ್ಕಿದ್ದ ಎಂಪಿಗಳ 15%ರಷ್ಟು ಅಂತರನೂ ಬೇಕಿತ್ತು. 1990ರ ನವೆಂಬರ್ 18ಕ್ಕ ಮೊದಲ ಎಪಿಸೋಡ್. 20ಕ್ಕ ಖರೇ ಚುನಾವಣೆ, ಪ್ರಧಾನಿ ಥ್ಯಾಚರ್ 204, ಎದುರಾಳಿ ಹೆಸೆಲ್ಟೈನ್ 152. ಬೇಕಿದ್ದ ಅಂತರಕ್ಕ 4 ಮತ ಕಡಿಮಿ. ಹೆಸೆಲ್ಟೈನ್ ಕಡೆಯ ಇಬ್ಬರು ಥ್ಯಾಚರ್ ಕಡೆ ವಾಲಿದ್ರ ಮುಗೀತಿತ್ತು! 22ಕ್ಕ ಆಕಿ ರಾಜೀನಾಮೆ ಘೋಷಣೆ.

ಉತ್ತರ (ಗಂಗಾವತಿ):
ಮುಂದ ‘ಟು ಪ್ಲೇ ದ ಕಿಂಗ್’ (1993), ಆಮ್ಯಾಲ ‘ದ ಫೈನಲ್ ಕಟ್’ (1995). ಪತ್ರಕರ್ತೆ ಮ್ಯಾಟಿಯ ಟೇಪ್ ರೆಕಾರ್ಡರ್ ಮರೀಬ್ಯಾಡ್ರಿ, ಎರಡನೇದಕ್ಕ ಕೊಂಡಿ ಅದೇ. ಇದೇ ಹೆಸರಿನ ಅಮೆರಿಕದ ಧಾರಾವಾಹಿ ನಡುವ ಬೆರಸಬ್ಯಾಡ್ರಿ, ತಲಿ ಕೆಡ್ತೈತಿ.