ಟೊಂಕದ ಕೆಳಗ ಒಂದೇ ಬಾಜು ಬ್ಯಾನಿ, ಎಸ್‌ಐ ಜಾಯಿಂಟ್ ಅಂತಾರ

ಸೇಡಂ_ಸೊಸಿ: ನಮಸ್ಕಾರ್ರಿ, ಹೆರಿಗಿ ಆದಾಗಿಂದ ಟೊಂಕದ ಕೆಳಗ ಬಲಕ್ಕಷ್ಟೇ ಬ್ಯಾನಿ, ಕೂಸಿನ್ನ ಎತ್ಕೊಂಡು ಪಾವಟಿಗಿ ಹತ್ತುವಾಗ ಚಳಕ್ ಅಂತದ, ಎಂಆರ್‌ಐದಾಗ ಡಿಸ್ಕ್ ನಾರ್ಮಲ್ ಅದ, ಡಾಕ್ಟ್ರು ಎಸ್‌ಐ ಜಾಯಿಂಟ್ ಅಂದ್ರು. ಎಲುಬು ಸರದದ ಏನ್ರಿ? ಅತ್ತಿ ಎಲುಬು ತಟ್ಟಿಸಿ ಕೂಡಸ್ಕೊಂಡು ಬಾ ಅಂತಾರ.

ಫಿಸಿಯೋ_ಕಲಬುರಗಿ: ಸರದಿಲ್ರಿ ಅಕ್ಕೋರೆ. ಬೆನ್ನೆಲುಬಿನ ಬುಡದಾಗ ತ್ರಿಕೋನದ ಎಲುಬು ಇರ್ತದಲಾ, ಅದು ಎರಡೂ ಬಾಜು ಚಪ್ಪಿ ಎಲುಬಿಗಿ ಕೂಡೋ ಜಾಗಾನೇ ಎಸ್‌ಐ ಜಾಯಿಂಟ್. ಲಿಗಮೆಂಟ್, ಅಂದ್ರ ಎಲುಬಿಗಿ ಎಲುಬು ಹಿಡದಿಡೋ ಪಟ್ಟಿ, ಭಾಳ ಗಟ್ಟಿ ಬಿಗದಿರ್ತಾವ, ಅಲ್ಲಾಡೋದು 2–4 ಮಿ.ಮೀ. ಅಷ್ಟೇ. ಬಸರಿದ್ದಾಗ ಹಾರ್ಮೋನ್‌ದಿಂದ ಅವು ಸಡ್ಲ ಆಗ್ತಾವ, ಅದಕ್ಕ ಬಾಣಂತ್ಯಾರಿಗಿ ಈ ಬ್ಯಾನಿ ಬರ್ತದ. ತಟ್ಟಸ್ಕೋಬ್ಯಾಡ್ರಿ ಖರೇನ. ಬೆಲ್ಟ್ ಟೊಂಕಕ್ಕಲ್ಲ, ಕೆಳಗ ಚಪ್ಪಿಗಿ ಕಟ್ರಿ. ಅಂಗಾತ ಮಲಗಿ ಮೊಣಕಾಲ ಮಡಚಿ ಕುಂಡಿ ಮ್ಯಾಲೆತ್ತಿ ಐದು ಎಣಿಸಿ ಇಳಸ್ರಿ, ನೋವಾಗದಷ್ಟೇ. ಕೂಸಿನ್ನ ಒಂದೇ ಬಗಲಾಗ ಇಟ್ಕೊಂಡು ಒಂದೇ ಕಾಲಿನ ಮ್ಯಾಲ ಭಾರ ಹಾಕಿ ನಿಲ್ಲೋದು ಬಿಡ್ರಿ, ಇದೇ ಭಾಳ ಕಾಡ್ತದ.

ಬೀದರ್_ಹುಡುಗ: ನಮ್ಮ ತಮ್ಮಗ ಬ್ಯಾರೇನೇ ಇತ್ರಿ, ಮುಂಜಾನಿ ಅರ್ಧ ತಾಸಿನ ಮ್ಯಾಲ ಬಿಗೀತಿತ್ತು, ಅಡ್ಡಾಡಿದ್ರ ಕಡಿಮಿ, ಮಲಗಿದ್ರ ಜಾಸ್ತಿ. ಅದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದ್ರ ಬೆನ್ನೆಲುಬಿನ ಉರಿಯೂತದ ವಾತ, ಹೆಚ್ಚಾಗಿ ಇದೇ ಜಾಯಿಂಟ್‌ದಾಗ ಶುರು ಆಗ್ತದ. ಹಂಗಿದ್ರ ರುಮಟಾಲಜಿಸ್ಟ್‌ಗ (ಕೀಲುವಾತದ ಡಾಕ್ಟ್ರಿಗಿ) ತೋರಸ್ರಿ.

ಸೇಡಂ_ಸೊಸಿ: ಇಲ್ರೀ ಅಣ್ಣಾ, ನನಗ ಮಲಗಿದ್ರ ಆರಾಮ.

ಫಿಸಿಯೋ_ಕಲಬುರಗಿ: ಛಲೋ ಆತ್ರಿ. ಆದ್ರ ತೊಡಿ ನಡುವ ಜೋಮು ಹಿಡದ್ರ, ಇಲ್ಲಾ ಮೂತ್ರ ಬರದೇ ನಿಂತ್ರ ಅವತ್ತೇ ದವಾಖಾನಿಗಿ ಹೋಗ್ರಿ.